ಬೇರೆಯಾದದ್ದೆಲ್ಲ ದೋಷವೇ?

ಡಿಎನ್‌ಎಯ ಒಂದೇ ಅಕ್ಷರದ ಬದಲಾವಣೆಯನ್ನು ರಾಸಾಯನಿಕಗಳಿಂದ ಹಿಡಿಯುವ ವಿಧಾನವೊಂದನ್ನು ಆಸ್ಟ್ರೇಲಿಯಾದ ರಿಚರ್ಡ್ ಕಾಟನ್ ಮತ್ತು ಸಂಗಡಿಗರು 1988ರಲ್ಲಿ ಪ್ರಕಟಿಸಿದರು. ಪರೀಕ್ಷಿಸಬೇಕಾದ ಎಳೆಯನ್ನು ‘ಸಹಜ’ ಎಳೆಯೊಂದಿಗೆ ಜೋಡಿಸುತ್ತಾರೆ. ಜೋಡಿ ಕೂಡದ ಕಡೆ ಸೈಟೋಸಿನ್ ಇದ್ದರೆ ಹೈಡ್ರಾಕ್ಸಿಲಮೀನ್, ಥೈಮಿನ್ ಇದ್ದರೆ ಆಸ್ಮಿಯಂ ಟೆಟ್ರಾಕ್ಸೈಡ್ ಅದನ್ನು ಮಾರ್ಪಡಿಸುತ್ತದೆ. ಪಿಪೆರಿಡೀನ್ ಅಲ್ಲಿಯೇ ಎಳೆಯನ್ನು ತುಂಡರಿಸುತ್ತದೆ.

ಈ ತುಂಡು ಹೇಳುವುದು ಇಷ್ಟೇ: ಇವೆರಡೂ ಹೊಂದುವುದಿಲ್ಲ. ಯಾವುದು ಸರಿ ಎಂಬುದು ರಾಸಾಯನಿಕಕ್ಕೆ ತಿಳಿಯದು. ‘ಸಹಜ’ವನ್ನು ಆರಿಸಿಟ್ಟವರು ನಾವು.

ಸಿಕಲ್ ಸೆಲ್ ಬದಲಾವಣೆಯನ್ನೇ ನೋಡಿ. ತಂದೆ ತಾಯಿ ಇಬ್ಬರಿಂದಲೂ ಬಂದರೆ ಕಾಯಿಲೆ. ಒಬ್ಬರಿಂದಷ್ಟೇ ಬಂದರೆ ತೀವ್ರ ಮಲೇರಿಯಾದಿಂದ ಬಹುಮಟ್ಟಿಗೆ ರಕ್ಷಣೆ. ಅಕ್ಷರ ಒಂದೇ, ಬದುಕು ಬೇರೆ. ಕಾಯಿಲೆಯ ನೋವು ನಿಜ, ಅದಕ್ಕೆ ಚಿಕಿತ್ಸೆ ಬೇಕೇ ಬೇಕು. ಆದರೆ ಅಕ್ಷರಕ್ಕೆ ಅಂಟಿಸಿದ ‘ದೋಷ’ ಎಂಬ ಮಾತು ಮನುಷ್ಯರಿಗೂ ಅಂಟಿಕೊಳ್ಳುತ್ತದೆ. ಆ ತೀರ್ಪಿನ ಹೊಣೆಯನ್ನು ಪ್ರನಾಳದ ಮೇಲೆ ಹೊರಿಸಲಾಗದು.