ಗಂಜಿಯ ಋಣ

ಹಲವು ವರ್ಷಗಳ ಹಿಂದೆ ಗುಬ್ಬಿಯ ಚನ್ನಬಸವೇಶ್ವರಸ್ವಾಮಿಯ ಜಾತ್ರೆಯ ಸಮಯದಲ್ಲಿ ಅಡಿಕೆ ವ್ಯಾಪಾರದ ಹಿರಿಯರೊಬ್ಬರು ನನ್ನನ್ನು ತಮ್ಮ ಮಂಡಿಯ ಜಗುಲಿಯಲ್ಲಿ ಕೂರಿಸಿಕೊಂಡು ಒಂದು ಪ್ರಶ್ನೆ ಕೇಳಿದರು. ಅವರ ಮಕ್ಕಳಿಬ್ಬರು ನನ್ನ ಬಳಿ ಓದಿದವರು, ನಮ್ಮಲ್ಲಿ ಸಲಿಗೆಯಿತ್ತು. “ತಪ್ಪು ತಿಳೀಬೇಡಿ ಮೇಷ್ಟ್ರೇ, ನಿಮ್ಮ ಹಿರೀಕರು ಬರಗಾಲದಲ್ಲಿ ಗಂಜಿಗೋಸ್ಕರ ಆ ಕಡೆ ಸೇರಿದೋರಂತೆ, ನಿಜವೆ?” ಆ ದನಿಯಲ್ಲಿ ಕುಹಕವಿರಲಿಲ್ಲ. ಆದರೂ ನನಗೆ ಸಿಟ್ಟು ಬಂದಿತು. ವಿಶ್ವಾಸದ ವಿಷಯ, ಆತ್ಮದ ವಿಷಯ, ದೇವರ ಕರೆಯ ವಿಷಯ ಎಂದೆಲ್ಲ ಉದ್ದಕ್ಕೆ ಮಾತನಾಡಿ, ಅವರು ತರಿಸಿದ ಕಾಫಿಯನ್ನು ಅರ್ಧಕ್ಕೆ ಬಿಟ್ಟು ಎದ್ದು ಬಂದೆ. ತುಮಕೂರಿನ ಬಸ್ಸಿನಲ್ಲಿ ಕುಳಿತ ಮೇಲೆ ಅರಿವಾಯಿತು: ಅವರು ಕೇಳಿದ್ದಕ್ಕೆ ನಾನು ಉತ್ತರವನ್ನೇ ಹೇಳಿರಲಿಲ್ಲ.

ನಮ್ಮ ಮನೆತನದ ವಂಶಾವಳಿ 1877ಕ್ಕಿಂತ ಹಿಂದಕ್ಕೆ ಹೋಗುವುದಿಲ್ಲ. ಆ ವರ್ಷ ಐದಾರು ವಯಸ್ಸಿನ ಒಬ್ಬ ಹುಡುಗ ದಾರಿಯ ಬದಿಯಲ್ಲಿ ಸಿಕ್ಕಿದ. ಕುಣಿಗಲ್ ಕಡೆಯವನಿರಬೇಕೆಂದು ಊಹಿಸಿದರು. ಅವನು ನನ್ನ ಮುತ್ತಜ್ಜ. ದೀಕ್ಷಾಸ್ನಾನದಲ್ಲಿ ಸತ್ಯವೇದದ ಹೆಸರೊಂದನ್ನು ಪಡೆದ. ತಾಯಿ ಕರೆಯುತ್ತಿದ್ದ ಹೆಸರು ಏನೆಂಬುದು ಮುಂದೆ ಅವನಿಗೇ ನೆನಪಿರಲಿಲ್ಲ. ಅವನ ಸೊಸೆಯಾಗಿ ಬಂದ ನನ್ನ ಅಜ್ಜಿ ಈ ಸಂಗತಿಯನ್ನು ಹೇಳುವಾಗ ಇಸವಿಯನ್ನು ಹೇಳುತ್ತಿರಲಿಲ್ಲ. “ಧಾತು ಈಶ್ವರದ ಬರ” ಎನ್ನುತ್ತಿದ್ದಳು. ಧಾತು ಸಂವತ್ಸರವು 1876ರ ಯುಗಾದಿಯಿಂದಲೂ ಈಶ್ವರವು 1877ರ ಯುಗಾದಿಯಿಂದಲೂ ಆರಂಭವಾದವು. ಹೊಸ ವರ್ಷವನ್ನು ಯುಗಾದಿಯಿಂದ ಎಣಿಸದ ನಮ್ಮ ಮನೆಯಲ್ಲಿ ಉಳಿದಿದ್ದ ಸಂವತ್ಸರದ ಹೆಸರುಗಳು ಇವೆರಡೇ.

ಆ ಪ್ರಶ್ನೆಯ ಬೆನ್ನುಹತ್ತಿ ನಾನು 1877ನ್ನು ಓದತೊಡಗಿದೆ. ಇತಿಹಾಸದ ಪುಸ್ತಕಗಳಲ್ಲಿ ಆ ವರ್ಷ ಬಹಳ ವೈಭವದಿಂದ ಪ್ರಾರಂಭವಾಗುತ್ತದೆ. ಜನವರಿ 1ರಂದು ದಿಲ್ಲಿಯ ದರ್ಬಾರಿನಲ್ಲಿ ವೈಸರಾಯ್ ಲಾರ್ಡ್ ಲಿಟ್ಟನ್ ವಿಕ್ಟೋರಿಯಾ ರಾಣಿಯನ್ನು ಭಾರತದ ಚಕ್ರವರ್ತಿನಿಯೆಂದು ಸಾರಿಸಿದನು. ನೆರೆದ ಅರಸರ ನಡುವೆ ಹೈದರಾಬಾದು, ಬರೋಡ, ಮೈಸೂರುಗಳ ಒಡೆಯರು ಮೂವರೂ ಇನ್ನೂ ಬಾಲಕರು. ನಮ್ಮ ಚಾಮರಾಜೇಂದ್ರ ಒಡೆಯರಿಗೆ ಹದಿಮೂರು ವರ್ಷ. ರಾಜ್ಯದ ಆಡಳಿತವು 1831ರಿಂದಲೂ ಬ್ರಿಟಿಷ್ ಕಮಿಷನರುಗಳ ಕೈಯಲ್ಲಿದ್ದುದರಿಂದ, ದಿಲ್ಲಿಗೆ ಹೋದ ಹುಡುಗನನ್ನಾಗಲಿ ಅವನ ಮನೆಯವರನ್ನಾಗಲಿ ಬರದ ವಿಷಯದಲ್ಲಿ ದೂರುವಂತಿಲ್ಲ. ಏಪ್ರಿಲಿನಲ್ಲಿ ರಷ್ಯಾ ತುರ್ಕಿಯ ಮೇಲೆ ಯುದ್ಧ ಸಾರಿತು. ಜುಲೈಯಲ್ಲಿ ಅಮೆರಿಕದ ರೈಲ್ವೆ ಕಾರ್ಮಿಕರು ಮುಷ್ಕರ ಹೂಡಿ ಗುಂಡೇಟು ತಿಂದರು. ಸೆಪ್ಟೆಂಬರಿನಲ್ಲಿ ಜಪಾನಿನ ಸೈಗೊ ಟಕಾಮೊರಿ ತಾನೇ ಕಟ್ಟಲು ನೆರವಾಗಿದ್ದ ಸರಕಾರದ ವಿರುದ್ಧ ಹೋರಾಡಿ ಮಡಿದನು. ನವೆಂಬರಿನಲ್ಲಿ ಸಿಯಾಲ್‌ಕೋಟೆಯಲ್ಲಿ ಕವಿ ಇಕ್ಬಾಲ್ ಹುಟ್ಟಿದನು. ವರ್ಷ ಮುಗಿಯುವ ಹೊತ್ತಿಗೆ ಎಡಿಸನ್ ಮನುಷ್ಯನ ಧ್ವನಿಯನ್ನು ಹಿಡಿದಿಟ್ಟು ಮತ್ತೆ ಕೇಳಿಸುವ ಯಂತ್ರವನ್ನು ತಯಾರಿಸಿದನು.

ಈ ಪಟ್ಟಿಯಲ್ಲಿ ಅಜ್ಜಿಯ ಬರ ಎಲ್ಲಿಯೂ ಇರಲಿಲ್ಲ. ಅದು ದೊರೆತದ್ದು ಬೇರೆ ಬಗೆಯ ಪುಸ್ತಕಗಳಲ್ಲಿ, ಜನಗಣತಿಯ ಕೋಷ್ಟಕಗಳಲ್ಲಿ. 1871ರ ಗಣತಿಯಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ 50,55,412. 1881ರಲ್ಲಿ 41,86,188. ಆರರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿ ಇಲ್ಲವಾಗಿದ್ದರು. ಹತ್ತು ವರ್ಷಗಳಲ್ಲಿ ಹುಟ್ಟಿ ಬೆಳೆಯಬೇಕಾಗಿದ್ದವರನ್ನು ಸೇರಿಸಿದರೆ ನಷ್ಟ ಇನ್ನೂ ದೊಡ್ಡದು.

ಮಳೆ ಹೋದದ್ದು ನಮ್ಮಲ್ಲಿ ಮಾತ್ರವಲ್ಲ. ಅದೇ ವರ್ಷ ಉತ್ತರ ಚೀನಾದಲ್ಲಿಯೂ ಬ್ರೆಜಿಲಿನ ಸಿಯಾರಾ ಪ್ರಾಂತದಲ್ಲಿಯೂ ಜನ ಹಸಿದು ಸಾಯುತ್ತಿದ್ದರು. ಶಾಂತಸಾಗರದ ನೀರು ಕಾದುದೇ ಇವೆಲ್ಲದರ ಹಿಂದಿನ ಕಾರಣವೆಂದು ಇಂದಿನ ವಿಜ್ಞಾನ ಹೇಳುತ್ತದೆ. ಸಾಗರವನ್ನು ಯಾರೂ ದೂರಲಾರರು. ಆದರೆ ಮಳೆ ಹೋಗುವುದು ಒಂದು ಸಂಗತಿ, ಮಗು ಸಾಯುವುದು ಮತ್ತೊಂದು. ಇವೆರಡರ ನಡುವೆ ಮನುಷ್ಯರ ತೀರ್ಮಾನಗಳು ಬಹಳಷ್ಟಿವೆ. ಬೆಂಗಳೂರಿಗೆ 1864ರಲ್ಲಿಯೇ ರೈಲು ಬಂದಿತ್ತು, ಮದ್ರಾಸಿನಿಂದ ಧಾನ್ಯ ಅಲ್ಲಿಯವರೆಗೆ ಬರುತ್ತಿತ್ತು. ತುಮಕೂರಿಗೆ ರೈಲು ಬಂದದ್ದು 1884ರಲ್ಲಿ. ನಡುವಿನ ದಾರಿಗೆ ಎತ್ತಿನ ಗಾಡಿಯೇ ಗತಿ. ಮೇವಿಲ್ಲದೆ ಎತ್ತುಗಳು ಮೊದಲು ಸತ್ತವು. ಅದೇ ಕಾಲದಲ್ಲಿ ಭಾರತದ ಬಂದರುಗಳಿಂದ ಇಂಗ್ಲೆಂಡಿಗೆ ಗೋಧಿ ಹೋಗುತ್ತಲೇ ಇತ್ತು.

ಆ ವರ್ಷದ ಮಹನೀಯರಲ್ಲಿ ನನ್ನನ್ನು ಹೆಚ್ಚಾಗಿ ಕಾಡಿದವನು ಸರ್ ರಿಚರ್ಡ್ ಟೆಂಪಲ್. ಅವನು ಕ್ರೂರಿಯಾಗಿದ್ದರೆ ಮಾತು ಸುಲಭವಾಗುತ್ತಿತ್ತು. ಆದರೆ 1874ರ ಬಿಹಾರದ ಬರದಲ್ಲಿ ಅವನೇ ಬರ್ಮಾದಿಂದ ಅಕ್ಕಿ ತರಿಸಿ, ಹಣದ ಮುಖ ನೋಡದೆ ಹಂಚಿ, ಹಸಿವಿನ ಸಾವುಗಳನ್ನು ಬಹುಮಟ್ಟಿಗೆ ತಡೆದಿದ್ದನು. ಅದಕ್ಕೆ ಅವನಿಗೆ ದೊರೆತದ್ದು ದುಂದುಗಾರನೆಂಬ ಬಿರುದು. ಲಂಡನ್ನಿನ ಪತ್ರಿಕೆಗಳು ಅವನನ್ನು ಹೀಗಳೆದವು. 1877ರ ಜನವರಿಯಲ್ಲಿ ಲಿಟ್ಟನ್ ಅವನನ್ನು ಮದ್ರಾಸು, ಮೈಸೂರುಗಳ ಕಡೆಗೆ ಕಳಿಸಿದಾಗ, ಈ ಸಲ ಖರ್ಚು ಉಳಿಸಿ ತೋರಿಸಬೇಕೆಂಬ ಹಟ ಅವನಲ್ಲಿ ಹೊಕ್ಕಿತ್ತು. ಪರಿಹಾರದ ಕೆಲಸ ಮಾಡುವ ಆಳಿಗೆ ದಿನಕ್ಕೆ ಒಂದು ಪೌಂಡು, ಎಂದರೆ ಸುಮಾರು 450 ಗ್ರಾಂ ಧಾನ್ಯದ ಬೆಲೆಯೂ ಅದರ ಮೇಲೆ ಉಪ್ಪು ಮೆಣಸಿಗೆ ಅಲ್ಪ ಕಾಸೂ ಸಾಕೆಂದು ಗೊತ್ತುಮಾಡಿದನು. ಇಷ್ಟರಲ್ಲಿ ಮಣ್ಣು ಹೊರುವವನು ಬದುಕಲಾರನೆಂದು ಮದ್ರಾಸಿನ ಆರೋಗ್ಯಾಧಿಕಾರಿ ಡಾ. ಕಾರ್ನಿಷ್ ಪ್ರತಿಭಟಿಸಿ, ಧಾನ್ಯ ಹೆಚ್ಚಿಸಿ ಬೇಳೆ ತರಕಾರಿಗಳನ್ನೂ ಕೊಡಬೇಕೆಂದು ವಾದಿಸಿದನು. ಒಳ್ಳೆಯದನ್ನು ಮಾಡಿದ್ದಕ್ಕೆ ಬೈಸಿಕೊಂಡವನು ಮತ್ತೊಮ್ಮೆ ಒಳ್ಳೆಯದನ್ನು ಮಾಡಲು ಹೆದರುವುದನ್ನು ನಾವೆಲ್ಲರೂ ನಮ್ಮ ನಮ್ಮ ಕಚೇರಿಗಳಲ್ಲಿ, ಸಭೆಯ ಕಮಿಟಿಗಳಲ್ಲಿಯೂ ಕಂಡಿದ್ದೇವೆ. ಟೆಂಪಲ್‌ನಲ್ಲಿ ಅದು ಲಕ್ಷಾಂತರ ಹೊಟ್ಟೆಗಳ ಮೇಲೆ ನಡೆಯಿತು.

ಇನ್ನು ನಮ್ಮವರ ಮಾತಿಗೆ ಬರುತ್ತೇನೆ. ವೆಸ್ಲಿಯನ್ ಮಿಶನ್ನಿನ ಥಾಮಸ್ ಹಾಡ್ಸನ್ ಗುಬ್ಬಿಯಲ್ಲಿ ಸೇವೆ ಆರಂಭಿಸಿದ್ದು 1837ರಲ್ಲಿ. ಕುಣಿಗಲಿಗೂ ಆ ಕೆಲಸ ಹಬ್ಬಿತು. ನಲವತ್ತು ವರ್ಷ ಶಾಲೆ ನಡೆಸಿ, ಸಂತೆಗಳಲ್ಲಿ ಬೋಧಿಸಿದರೂ ದೀಕ್ಷಾಸ್ನಾನ ಪಡೆದವರು ಬಹಳ ಕಡಮೆ. ಬರ ಬಂದಿತು. ಗಂಡುಮಕ್ಕಳಿಗೆ ತುಮಕೂರಿನಲ್ಲಿಯೂ ಹೆಣ್ಣುಮಕ್ಕಳಿಗೆ ಹಾಸನದಲ್ಲಿಯೂ ಅನಾಥಾಲಯಗಳು ಏರ್ಪಟ್ಟವು. ಒಂದೇ ತಾಯಿಯ ಮಕ್ಕಳು ಎಷ್ಟು ಮಂದಿ ಹೀಗೆ ಬೇರೆಯಾದರೋ! ಕ್ಯಾಥೊಲಿಕ್ ಸಹೋದರರೂ ಬರದ ಅನಾಥರಿಗಾಗಿ ನೆಲಮಂಗಲದ ಕಡೆಯ ಸಿಲುವೇಪುರದಂತಹ ಊರುಗಳನ್ನು ಕಟ್ಟಿದರು. ನಲವತ್ತು ವರ್ಷಗಳ ಬೋಧನೆಯಿಂದ ಬಾರದ ಜನ ಒಂದೆರಡು ವರ್ಷಗಳ ಹಸಿವಿನಿಂದ ಬಂದರು. ಇದು ನಡೆದ ಸಂಗತಿ. ಇದನ್ನು ಮರೆಮಾಚಿ ಸಭೆಯ ಚರಿತ್ರೆ ಬರೆಯುವುದು ಸತ್ಯಕ್ಕೆ ದ್ರೋಹ.

ಹಾಗಾದರೆ ನನ್ನ ಮುತ್ತಜ್ಜನ ವಿಶ್ವಾಸ ಕೊಂಡುಕೊಂಡದ್ದೇ? ಈ ಪ್ರಶ್ನೆಯನ್ನು ಎರಡು ಕಡೆಯಿಂದಲೂ ನೋಡಿದ್ದೇನೆ. ಐದು ವರ್ಷದ ಮಗುವಿನ ಒಪ್ಪಿಗೆ ಎಂಬುದೇ ಇಲ್ಲ; ಹಿಂದೂ ಮನೆಯಲ್ಲಿ ಹುಟ್ಟಿದ ಮಗುವೂ ಒಪ್ಪಿಗೆ ಕೊಟ್ಟು ಹಿಂದೂವಾಗುವುದಿಲ್ಲ. ಗಂಜಿಮನೆಯ ಒಲೆಯಲ್ಲಿ ಯಾರು ಬೇಯಿಸಿದರೆಂದು ತಿಳಿಯದೆ ಉಂಡ ಅನಾಥನನ್ನು ಮತ್ತೆ ಜಾತಿಯೊಳಗೆ ಕರೆದುಕೊಳ್ಳಲು ಅಂದು ಎಷ್ಟು ಮನೆಗಳ ಬಾಗಿಲು ತೆರೆದಿದ್ದವು? ಸಾಕಿದವರು ತಮ್ಮ ಮನೆಯ ದೇವರನ್ನೇ ಅವನಿಗೂ ಹೇಳಿಕೊಟ್ಟರೆಂದರೆ ಅದರಲ್ಲಿ ಅಸಹಜವೇನೂ ಇಲ್ಲ. ಇಷ್ಟು ಹೇಳಿದ ಮೇಲೂ ಮನಸ್ಸು ಒಂದು ಕಡೆ ತಡೆಯುತ್ತದೆ. ಗಂಜಿಯ ಬಟ್ಟಲನ್ನು ಚಾಚುವ ಕೈಯಲ್ಲಿ ಆಗಲೇ ಹೆಸರಿನ ದಾಖಲೆಯ ಪುಸ್ತಕವೂ ಇದ್ದರೆ, ಆ ಗಂಜಿಗೊಂದು ಬೆಲೆ ನಿಗದಿಯಾದಂತೆಯೇ. ಟೆಂಪಲ್ ಲೆಕ್ಕ ಹಾಕಿದ್ದು ಧಾನ್ಯವನ್ನು. ನಾವು ಲೆಕ್ಕ ಹಾಕಿದ್ದು ಆತ್ಮಗಳನ್ನು ಎಂದು ಯಾರಾದರೂ ಅಂದರೆ ಒಮ್ಮೆಗೇ ಸಿಟ್ಟಾಗುವುದು ತರವಲ್ಲ.

ಇದೇ ವರ್ಷ ಬೇರೆ ಬಗೆಯಲ್ಲಿ ಉಣಬಡಿಸಿದವರೂ ಇದ್ದರು. ಪುಣೆಯ ಜೋತಿರಾವ್ ಫುಲೆ ಮತ್ತು ಸಾವಿತ್ರಿಬಾಯಿಯರ ಸತ್ಯಶೋಧಕ ಸಮಾಜವು ಬರದ ಮಕ್ಕಳಿಗಾಗಿ ಧನಕವಡಿಯಲ್ಲಿ ಆಶ್ರಯ ತೆರೆಯಿತು. 1877ರ ಏಪ್ರಿಲಿನಲ್ಲಿ ಜುನ್ನರ್ ಕಡೆಯಿಂದ ಸಾವಿತ್ರಿಬಾಯಿ ಪತಿಗೆ ಬರೆದ ಕಾಗದವೊಂದು ಇಂದಿಗೂ ಉಳಿದಿದೆ. ಹಸಿದವರ ನಡುವೆ ನಿಂತು ಬರೆದ ಕಾಗದ ಅದು. ದೂರದ ರಷ್ಯಾದಲ್ಲಿ ಅದೇ ವರ್ಷ ಟಾಲ್‌ಸ್ಟಾಯ್ ‘ಅನ್ನಾ ಕರೆನಿನಾ’ ಕಾದಂಬರಿಯ ಕೊನೆಯ ಭಾಗವನ್ನು ತಾನೇ ಬೇರೆಯಾಗಿ ಅಚ್ಚುಹಾಕಿಸಬೇಕಾಯಿತು, ಯುದ್ಧದ ಬಗೆಗಿನ ಅವನ ಮಾತು ಪತ್ರಿಕೆಯ ಸಂಪಾದಕನಿಗೆ ಹಿಡಿಸಲಿಲ್ಲ. ಆ ಭಾಗದಲ್ಲಿ ಲೆವಿನ್ ಎಂಬ ಜಮೀನುದಾರ ರೈತನೊಬ್ಬನ ಮಾತಿನಿಂದ ಎಚ್ಚೆತ್ತು, ಪ್ರತಿಫಲವನ್ನು ನೋಡುವ ಒಳ್ಳೆಯತನ ಒಳ್ಳೆಯತನವೇ ಅಲ್ಲ ಎಂಬ ತಿಳುವಳಿಕೆಗೆ ಬರುತ್ತಾನೆ. ಬರದ ಸುದ್ದಿಗೂ ಆ ಪುಟಗಳಿಗೂ ಸಂಬಂಧವಿಲ್ಲ. ಆದರೂ ನಾನು ಅವೆರಡನ್ನೂ ಒಟ್ಟಿಗೇ ಓದಿದವನು. ನನ್ನಲ್ಲಿ ಅವು ಒಂದಾಗಿವೆ.

ತುಮಕೂರಿನಲ್ಲಿ ಬದುಕುವವನು ಈ ಪ್ರಶ್ನೆಯನ್ನು ಕೇಳಿಕೊಂಡರೆ ಸಿದ್ಧಗಂಗೆಯನ್ನು ನೆನೆಯದಿರಲಾರ. ಶ್ರೀ ಶಿವಕುಮಾರ ಸ್ವಾಮಿಗಳು 2019ರ ಜನವರಿ 21ರಂದು ಲಿಂಗೈಕ್ಯರಾಗುವವರೆಗೆ ಹತ್ತಾರು ವರ್ಷ ಸಾವಿರಾರು ಮಕ್ಕಳಿಗೆ ಜಾತಿಮತ ಕೇಳದೆ ಅನ್ನವಿಕ್ಕಿ ಅಕ್ಷರ ಕಲಿಸಿದರು. ಅಲ್ಲಿಯೂ ಸಾಮೂಹಿಕ ಪ್ರಾರ್ಥನೆ ಉಂಟು, ಮಕ್ಕಳೆಲ್ಲ ಕೂತು ಹಾಡುತ್ತಾರೆ. ಆದರೆ ಬಂದ ಹೆಸರಿನಲ್ಲಿಯೇ ತಮ್ಮ ಊರಿಗೆ ಮರಳುತ್ತಾರೆ. ನನ್ನ ಮುತ್ತಜ್ಜನಿಗೆ ಮರಳಲು ಊರಿರಲಿಲ್ಲ ಎಂಬುದನ್ನು ನಾನು ಮರೆತಿಲ್ಲ. ಹೋಲಿಕೆ ಪೂರ್ತಿ ನ್ಯಾಯವಲ್ಲ. ಆದರೂ ಆ ದಾಸೋಹದ ಹೊಗೆ ಕಂಡಾಗಲೆಲ್ಲ ಹೋಲಿಸದೆ ಇರಲಾಗುವುದಿಲ್ಲ.

ಯೋಹಾನನ ಸುವಾರ್ತೆಯ ಆರನೆಯ ಅಧ್ಯಾಯವನ್ನು ನಾವು ಸಾಮಾನ್ಯವಾಗಿ ಅರ್ಧಕ್ಕೇ ನಿಲ್ಲಿಸುತ್ತೇವೆ. ಐದು ರೊಟ್ಟಿ, ಎರಡು ಮೀನು, ಐದು ಸಾವಿರ ಗಂಡಸರು, ಉಳಿದ ಹನ್ನೆರಡು ಪುಟ್ಟಿ. ಭಾನುವಾರ ಶಾಲೆಯ ಮಕ್ಕಳಿಗೂ ಗೊತ್ತು. ಅದೇ ಅಧ್ಯಾಯದ ಕೊನೆಯ ಭಾಗದಲ್ಲಿ ಯೇಸುವಿನ ಮಾತು ಕಠಿಣವೆಂದು ಶಿಷ್ಯರಲ್ಲಿಯೇ ಅನೇಕರು ಹಿಂದಿರುಗಿ ಹೋಗುತ್ತಾರೆ. ರೊಟ್ಟಿ ಉಂಡವರೂ ಅವರಲ್ಲಿದ್ದರಲ್ಲವೇ? ಆತನು ಅವರನ್ನು ತಡೆಯಲಿಲ್ಲ. ನಾನಿಕ್ಕಿದ ಅನ್ನವನ್ನು ಉಂಡಿರಲ್ಲ ಎಂದು ನೆನಪಿಸಲಿಲ್ಲ. ಹನ್ನೆರಡು ಮಂದಿಯ ಕಡೆ ತಿರುಗಿ, ನೀವೂ ಹೋಗಬೇಕೆಂದಿದ್ದೀರಾ ಎಂದು ಕೇಳಿದನು, ಅಷ್ಟೇ. ಉಂಡು ಎದ್ದು ಹೋಗುವ ಸ್ವಾತಂತ್ರ್ಯ ಆ ಊಟದಲ್ಲಿತ್ತು. ನಮ್ಮ ಹಿರಿಯರಿಗೆ ಗಂಜಿಯಿಕ್ಕಿದವರು ಮನಸ್ಸಿನೊಳಗೆ ಆ ಬಾಗಿಲನ್ನು ತೆರೆದಿಟ್ಟಿದ್ದರೋ ಇಲ್ಲವೋ ಎಂಬುದು ಯಾವ ವರದಿಯಲ್ಲಿಯೂ ಸಿಕ್ಕುವುದಿಲ್ಲ. ಅವರಲ್ಲಿ ಕೆಲವರು ತೆರೆದಿಟ್ಟಿದ್ದಿರಬೇಕು. ಮುತ್ತಜ್ಜ ದೊಡ್ಡವನಾಗಿ ದುಡಿಯತೊಡಗಿದ ಮೇಲೆ ಯಾರ ಗಂಜಿಯ ಹಂಗೂ ಅವನಿಗಿರಲಿಲ್ಲ. ಆದರೂ ದೇವಾಲಯವನ್ನು ಬಿಡಲಿಲ್ಲ, ಸಾಯುವ ವಾರದವರೆಗೂ ಹೋಗುತ್ತಿದ್ದನಂತೆ. ಅವನ ಹಸಿವು ಅವನನ್ನು ಕರೆತಂದಿತು. ಉಳಿಸಿಕೊಂಡದ್ದು ಏನೆಂದು ಅವನು ಯಾರಿಗೂ ಹೇಳಿಹೋಗಲಿಲ್ಲ.

ಮರುವರ್ಷ ನಾನೇ ಗುಬ್ಬಿಗೆ ಹೋಗಿ ಆ ಹಿರಿಯರ ಜಗುಲಿಯಲ್ಲಿ ಕುಳಿತೆ. “ಯಜಮಾನರೇ, ಹೋದ ಸಲ ತಾವು ಕೇಳಿದ್ದಕ್ಕೆ ನಾನು ಸರಿಯಾಗಿ ಹೇಳಲಿಲ್ಲ. ನಿಜ, ನಮ್ಮವರು ಗಂಜಿಗೇ ಬಂದವರು” ಎಂದೆ. ಅವರು ಬಹಳ ಹೊತ್ತು ಸುಮ್ಮನಿದ್ದರು. ಒಳಗಿನಿಂದ ಕಾಫಿ ಬಂದಿತು. ಆಮೇಲೆ ತಾವಾಗಿಯೇ ಮಾತು ತೆಗೆದರು. ಅವರ ಹಿರಿಯರ ಮನೆಯ ಅಂಗಳದಲ್ಲಿ ದೊಡ್ಡ ಹಗೇವು ಇತ್ತಂತೆ. ಧಾತು ಈಶ್ವರದಲ್ಲಿಯೂ ಅದರೊಳಗೆ ರಾಗಿ ಇತ್ತಂತೆ.

“ಆ ಹಗೇವಿನ ಬಾಯಿ ಯಾವಾಗ ತೆಗೆದ್ರು, ಯಾರಿಗೆ ಅಳೆದುಕೊಟ್ರು, ಏನು ಬೆಲೆಗೆ ಕೊಟ್ರು, ನಮ್ಮ ಮನೇಲಿ ಯಾರೂ ಹೇಳೋದಿಲ್ಲ ಮೇಷ್ಟ್ರೇ” ಎಂದರು. “ನಾನೂ ಕೇಳಿಲ್ಲ.”