ಕಿಂದರಿಜೋಗಿಗೆ ಕೊಡದ ಕೂಲಿ



ಮಕ್ಕಳಿಗೆ ಮಾಯಾಮಂತ್ರದ ಕಥೆ ಹೇಳಬಹುದೇ? ಅದರಿಂದ ವಿಶ್ವಾಸಕ್ಕೆ ಧಕ್ಕೆಯಾಗದೇ? ಈ ಅನುಮಾನ ಕೆಲವು ತಂದೆತಾಯಂದಿರಿಗಿದೆ. ಪವಿತ್ರ ಬೈಬಲನ್ನೇ ತೆರೆದು ನೋಡೋಣ. ನ್ಯಾಯಸ್ಥಾಪಕರ ಗ್ರಂಥದ 9ನೇ ಅಧ್ಯಾಯದಲ್ಲಿ ಮರಗಳು ತಮಗೊಬ್ಬ ಅರಸನನ್ನು ಹುಡುಕಿಕೊಂಡು ಹೊರಡುತ್ತವೆ. ಓಲಿವ್, ಅಂಜೂರ, ದ್ರಾಕ್ಷಿ ಮೂರೂ ಒಲ್ಲೆ ಎನ್ನುತ್ತವೆ, ಮುಳ್ಳುಪೊದೆ ಒಪ್ಪಿಕೊಳ್ಳುತ್ತದೆ. ಮರಗಳಿಗೆ ಮಾತು ಬರುತ್ತದೆಂದು ನಂಬಿಸಲು ಯೋತಾಮನು ಈ ಕಥೆ ಹೇಳಲಿಲ್ಲ. ಕೊಲೆಗಡುಕನನ್ನು ಅರಸನನ್ನಾಗಿ ಮಾಡಿಕೊಂಡ ಶೆಕೆಮಿನ ಜನರಿಗೆ ತಮ್ಮ ತಪ್ಪು ಕಾಣಲೆಂದು ಹೇಳಿದನು.

ಪ್ರವಾದಿ ನಾತಾನನೂ ದಾವೀದ ಅರಸನಿಗೆ ಬಡವನ ಕುರಿಮರಿಯ ಕಥೆ ಹೇಳಿದನು. ಕೇಳಿದ ಅರಸ ಕೋಪದಿಂದ ತೀರ್ಪು ಕೊಟ್ಟನು. ಆ ತಪ್ಪಿತಸ್ಥ ತಾನೇ ಎಂಬುದು ಆಮೇಲೆ ತಿಳಿಯಿತು. ಒಳ್ಳೆಯ ಕಥೆಯ ಕೆಲಸವೇ ಇದು.

ಈಗ ನಮ್ಮ ಮಕ್ಕಳೆಲ್ಲ ಬಲ್ಲ ಒಂದು ಕಥೆಗೆ ಬರೋಣ. ಜರ್ಮನಿಯ ಹ್ಯಾಮೆಲಿನ್ ಊರಿನ ಐತಿಹ್ಯವನ್ನು ರಾಬರ್ಟ್ ಬ್ರೌನಿಂಗ್ 1842ರಲ್ಲಿ ಇಂಗ್ಲಿಷಿನಲ್ಲಿ ಕವನವಾಗಿ ಪ್ರಕಟಿಸಿದರು. ಕುವೆಂಪು ಅವರು ಅದನ್ನು ತುಂಗಾ ತೀರಕ್ಕೆ ತಂದು 'ಬೊಮ್ಮನಹಳ್ಳಿಯ ಕಿಂದರಿಜೋಗಿ' ಮಾಡಿದರು. ಊರಿಗೆ ಇಲಿಗಳ ಕಾಟ. ಜೋಗಿ ಕಿಂದರಿ ನುಡಿಸಿ ಅವನ್ನೆಲ್ಲ ಹೊಳೆಗೆ ಸೇರಿಸಿದ. ಕೆಲಸ ಮುಗಿದ ಮೇಲೆ ಗೌಡ ಒಪ್ಪಿದ ಹಣ ಕೊಡಲಿಲ್ಲ. ಜೋಗಿ ಮತ್ತೆ ಕಿಂದರಿ ನುಡಿಸಿದ. ಈ ಸಲ ಅವನ ಹಿಂದೆ ಹೋದವರು ಊರಿನ ಮಕ್ಕಳು.

ಇದು ಮಕ್ಕಳ ಕಥೆಯೆಂದು ನಾವು ಮಕ್ಕಳಿಗೆ ಹೇಳುತ್ತೇವೆ. ಆದರೆ ಇದರಲ್ಲಿ ಮಕ್ಕಳು ಮಾಡಿದ ತಪ್ಪು ಯಾವುದು? ಒಂದೂ ಇಲ್ಲ. ಮಾತಿಗೆ ತಪ್ಪಿದವರು ಹಿರಿಯರು. ಅದರ ಬೆಲೆ ತೆತ್ತವರು ಮಕ್ಕಳು.

ತುಮಕೂರಿನ ಉಪ್ಪಾರಹಳ್ಳಿಯ ಹೆಸರನ್ನು ನೋಡಿ. ಉಪ್ಪಾರರು ಹಿಂದೆ ಚೌಳು ಮಣ್ಣಿನಿಂದ ಉಪ್ಪು ತೆಗೆಯುತ್ತಿದ್ದವರು. ಆಮೇಲೆ ಮಣ್ಣು ಕೆಲಸ, ಕಟ್ಟಡ ಕೆಲಸ ಹಿಡಿದವರು. ದುಡಿಯುವವರ ಹೆಸರನ್ನೇ ಹೊತ್ತ ಇಂಥ ಕಡೆಗಳಲ್ಲಿ ಮನೆ ಕಟ್ಟಿಕೊಂಡ ನಾವು ಗಾರೆಯವರಿಗೆ, ಬಣ್ಣ ಬಳಿದವರಿಗೆ, ಪಾತ್ರೆ ತೊಳೆಯುವ ಅಕ್ಕನಿಗೆ ಬಾಕಿ ಉಳಿಸಿಕೊಂಡಿಲ್ಲವೇ? ದೆವ್ವ ಒಳಗೆ ಬಾರದಿರಲೆಂದು ಬಾಗಿಲ ಮೇಲೆ 'ನಾಳೆ ಬಾ' ಎಂದು ಬರೆಯುತ್ತಿದ್ದ ಕಾಲವಿತ್ತು. ಕೂಲಿ ಕೇಳಲು ಬಂದ ಮನುಷ್ಯನಿಗೂ ನಾವು ಅದೇ ಮಾತು ಹೇಳುತ್ತೇವೆ!

ಬಡ ಕೂಲಿಯವನಿಗೆ ಹೊತ್ತು ಮುಳುಗುವ ಮುಂಚೆ ಕೂಲಿ ಕೊಡಬೇಕೆಂಬುದು ಧರ್ಮೋಪದೇಶಕಾಂಡದ 24ನೇ ಅಧ್ಯಾಯದ ಆಜ್ಞೆ. ತಡೆಹಿಡಿದ ಕೂಲಿ ತಾನೇ ಕೂಗಿಕೊಳ್ಳುತ್ತದೆ, ಆ ಕೂಗು ದೇವರ ಕಿವಿಗೆ ಮುಟ್ಟುತ್ತದೆ ಎಂದು ಯಕೋಬನ ಪತ್ರದ 5ನೇ ಅಧ್ಯಾಯ ಎಚ್ಚರಿಸುತ್ತದೆ. ಆ ಕೂಗು ಬಾಗಿಲ ಮರೆಯಲ್ಲಿ ನಿಂತ ನಮ್ಮ ಮಗುವಿನ ಕಿವಿಗೂ ಬೀಳುತ್ತದೆ. ದೇವಾಲಯದಲ್ಲಿ ಅಪ್ಪ ಅಮ್ಮ ಆಡುವ ಮಾತೇ ಬೇರೆ, ಮನೆಬಾಗಿಲಲ್ಲಿ ಆಡುವ ಮಾತೇ ಬೇರೆ ಎಂದು ಕಂಡುಕೊಂಡ ಮಗು ನಿಧಾನವಾಗಿ ಎರಡನ್ನೂ ನಂಬದಾಗುತ್ತದೆ. ಮಕ್ಕಳು ನಮ್ಮ ಕೈತಪ್ಪಿ ಹೋಗಲು ಯಾವ ಜೋಗಿಯೂ ಬರಬೇಕಾಗಿಲ್ಲ.

ಕಥೆಯಲ್ಲಿ ಗೌಡನಿಗೆ ತಿದ್ದಿಕೊಳ್ಳಲು ಸಮಯ ಸಿಗಲಿಲ್ಲ. ನಮಗೆ ಸಿಕ್ಕಿದೆ. ಮೋಸದಿಂದ ಪಡೆದದ್ದಕ್ಕೆ ನಾಲ್ಕರಷ್ಟು ಹಿಂದಿರುಗಿಸುತ್ತೇನೆಂದ ಜಕ್ಕಾಯನ ಮನೆಗೆ ಆ ದಿನವೇ ಜೀವೋದ್ಧಾರ ಬಂತೆಂದು ಯೇಸುಸ್ವಾಮಿ ಸಾರಿದರು.

ಈ ವಾರ ರಾತ್ರಿ ಜಪಸರವಾದ ಮೇಲೆ ಮಕ್ಕಳಿಗೆ ಕಿಂದರಿಜೋಗಿಯ ಕಥೆ ಹೇಳಿ. ತಪ್ಪು ಯಾರದೆಂದು ಅವರನ್ನೇ ಕೇಳಿ. ಅವರು ಕೊಡುವ ತೀರ್ಪನ್ನು ಮನಸ್ಸಿನಲ್ಲಿಟ್ಟುಕೊಂಡು, ಯಾರ ಬಾಕಿ ಉಳಿದಿದೆಯೋ ಲೆಕ್ಕ ಹಾಕಿ. ಮರುದಿನ ಹೊತ್ತು ಮುಳುಗುವ ಮುಂಚೆ ಅದನ್ನು ತೀರಿಸಿಬಿಡಿ. ಕೊಡಲು ಹೋಗುವಾಗ ಮಗುವನ್ನೂ ಕರೆದುಕೊಂಡು ಹೋಗಿ.