ನಿಧಾನವೆಂಬ ಸಿರಿ

ವೇಗಕ್ಕೆ ಬೆಲೆ ಹೆಚ್ಚು ಎಂಬುದು ನಾವೆಲ್ಲ ಒಪ್ಪಿಕೊಂಡುಬಿಟ್ಟಿರುವ ಮಾತು. ಸಾಮಾನ್ಯ ಅಂಚೆಗಿಂತ ಸ್ಪೀಡ್ ಪೋಸ್ಟ್ ದುಬಾರಿ, ಪ್ಯಾಸೆಂಜರ್ ರೈಲಿಗಿಂತ ಸೂಪರ್‌ಫಾಸ್ಟ್ ದುಬಾರಿ. ತಿರುಪತಿಯಲ್ಲಿ ಕೂಡ 300 ರೂಪಾಯಿಯ ದರ್ಶನಕ್ಕೆ ಬೇರೆಯೇ ಸಾಲು. ಕಾಸಿದ್ದವರು ಬೇಗ ಹೋಗುತ್ತಾರೆ, ಇಲ್ಲದವರು ಕಾಯುತ್ತಾರೆ. ಇದು ಸರಿಯೋ ತಪ್ಪೋ ಎಂದು ವಾದಿಸುವವರು ಕೂಡ ವೇಗ ಉಳ್ಳವರ ಪಾಲು, ನಿಧಾನ ಇಲ್ಲದವರ ಪಾಲು ಎಂಬುದನ್ನು ಮಾತ್ರ ಪ್ರಶ್ನಿಸುವುದಿಲ್ಲ. ಎಲೆಕ್ಟ್ರಿಕ್ ಕಾರು ಈ ಲೆಕ್ಕವನ್ನು ತಲೆಕೆಳಗು ಮಾಡಿದೆ ಎಂಬುದು ನನ್ನ ಅನುಮಾನ.

ಮೊದಲು ಕಾರುಗಳನ್ನೇ ನೋಡೋಣ. 2022ರಲ್ಲಿ 8.49 ಲಕ್ಷ ರೂಪಾಯಿಯ ಆರಂಭಿಕ ಬೆಲೆಗೆ ಬಂದ ಟಾಟಾ ಟಿಯಾಗೊ ಇವಿಯ ದೊಡ್ಡ ಬ್ಯಾಟರಿ 24 ಕಿಲೋವ್ಯಾಟ್ ಗಂಟೆಯದು, ಅಂದರೆ 24 ಯೂನಿಟ್ ಹಿಡಿಯುವಂಥದ್ದು. ಫಾಸ್ಟ್ ಚಾರ್ಜರ್‌ನಲ್ಲಿ ಅದು ಶೇ 10ರಿಂದ 80ಕ್ಕೆ ಏರಲು ಸುಮಾರು ಒಂದು ಗಂಟೆ ಬೇಕು. ಮರುವರ್ಷ ಸುಮಾರು 45 ಲಕ್ಷಕ್ಕೆ ಬಂದ ಹ್ಯುಂಡೈ ಅಯಾನಿಕ್ 5 ಕಾರಿನ ಬ್ಯಾಟರಿ 72.6 ಯೂನಿಟ್ಟಿನದು. 350 ಕಿಲೋವ್ಯಾಟ್ ಚಾರ್ಜರ್ ಸಿಕ್ಕರೆ ಅಷ್ಟೇ ಏರಿಕೆಗೆ ಅದಕ್ಕೆ 18 ನಿಮಿಷ ಸಾಕು ಎನ್ನುತ್ತದೆ ಕಂಪನಿ. ಒಂದು ಕಾರು 18 ನಿಮಿಷದಲ್ಲಿ 51 ಯೂನಿಟ್ ಕುಡಿದರೆ, ಇನ್ನೊಂದು ಗಂಟೆಯಲ್ಲಿ 17 ಯೂನಿಟ್ ಕುಡಿಯುತ್ತದೆ.

ಇದರಲ್ಲಿ ಯಾರ ಕುತಂತ್ರವೂ ಇಲ್ಲ. ಬ್ಯಾಟರಿಯನ್ನು ಛತ್ರದ ಊಟದ ಮನೆ ಎಂದುಕೊಳ್ಳಿ. ದೊಡ್ಡ ಊಟದ ಮನೆಯಲ್ಲಿ ಒಂದೇ ಸಲಕ್ಕೆ ಹೆಚ್ಚು ಜನ ಪಂಕ್ತಿಗೆ ಕೂರಬಹುದು, ಚಿಕ್ಕದರಲ್ಲಿ ಕಡಿಮೆ. ಎಲೆಗಳು ತುಂಬುತ್ತ ಬಂದಂತೆ ಕೊನೆಗೆ ಬಂದವರು ಜಾಗ ಹುಡುಕಬೇಕಾಗುತ್ತದೆ. ಶೇ 80 ದಾಟಿದ ಮೇಲೆ ಚಾರ್ಜಿಂಗ್ ಮಂದವಾಗುವುದು ಹೆಚ್ಚುಕಡಿಮೆ ಹೀಗೇ. ಬಲವಂತವಾಗಿ ನುಗ್ಗಿಸಿದರೆ ಲಿಥಿಯಂ ಒಳಗೆ ಸೇರದೆ ಗ್ರಾಫೈಟಿನ ಮೇಲೆ ಲೋಹವಾಗಿ ಕೂರುತ್ತದೆ, ಬ್ಯಾಟರಿಯ ಆಯಸ್ಸು ಕರಗುತ್ತದೆ. ಅದನ್ನು ತಡೆಯುವ ತಂಪು ವ್ಯವಸ್ಥೆ, ಹೆಚ್ಚು ವೋಲ್ಟೇಜಿನ ಸಲಕರಣೆ ಎಲ್ಲಕ್ಕೂ ಖರ್ಚಿದೆ. ಅಗ್ಗದ ಕಾರಿನಲ್ಲಿ ಆ ಖರ್ಚಿಗೆ ಜಾಗವಿಲ್ಲ.

ಈಗ ದರದ ಪ್ರಶ್ನೆ. ಚಾರ್ಜಿಂಗ್ ಕಂಬದ ಎದುರು ಯಾವುದಕ್ಕೆ ದುಡ್ಡು ತೆಗೆದುಕೊಳ್ಳಬೇಕು, ತುಂಬಿಸಿಕೊಂಡ ಕರೆಂಟಿಗೋ, ಹಿಡಿದ ಜಾಗಕ್ಕೋ? ಅಮೆರಿಕದ ಕೆಲವು ರಾಜ್ಯಗಳಲ್ಲಿ ನಿಮಿಷದ ಲೆಕ್ಕ ನಡೆದಿತ್ತು. ನಿಮಿಷಕ್ಕೆ 5 ರೂಪಾಯಿ ಎಂದಿಟ್ಟುಕೊಳ್ಳೋಣ. ದೊಡ್ಡ ಕಾರಿನವರು 90 ರೂಪಾಯಿಗೆ 51 ಯೂನಿಟ್ ಪಡೆಯುತ್ತಾರೆ, ಚಿಕ್ಕ ಕಾರಿನವರು 300 ರೂಪಾಯಿ ಕೊಟ್ಟು 17 ಯೂನಿಟ್ ಪಡೆಯುತ್ತಾರೆ. ಕಣ್ಣಿಗೆ ರಾಚುವ ಪಂಕ್ತಿಭೇದ ಇದು. ಆದರೆ ಹಿಂದೆ ಕಾಯುತ್ತಿರುವವರ ಕಡೆಯಿಂದ ನೋಡಿದರೆ, ಗಂಟೆಗಟ್ಟಲೆ ಕಂಬ ಹಿಡಿದವರು ಹೆಚ್ಚು ಕೊಡಬೇಕು ಎನ್ನುವುದರಲ್ಲೂ ನ್ಯಾಯವಿದೆ. ನಮ್ಮಲ್ಲಿ ಸಾಮಾನ್ಯವಾಗಿರುವುದು ಯೂನಿಟ್ಟಿನ ಲೆಕ್ಕ. ನನಗೂ ಅದೇ ಮೇಲು ಅನ್ನಿಸುತ್ತದೆ, ಕಾರಿನ ನಿಧಾನ ಅದರ ಮಾಲೀಕರು ಬೇಕೆಂದು ಮಾಡಿದ ತಪ್ಪಲ್ಲವಲ್ಲ.

ಆದರೆ ಅನ್ಯಾಯದ ಬೇರು ಈ ಕಂಬದ ಬಳಿ ಇಲ್ಲ, ಕಾರು ರಾತ್ರಿ ನಿಲ್ಲುವ ಜಾಗದಲ್ಲಿದೆ. ಅದೇ ಟಿಯಾಗೊವನ್ನು ಮನೆಯ 15 ಆಂಪಿಯರ್ ಪ್ಲಗ್ಗಿಗೆ ಸಿಕ್ಕಿಸಿದರೆ ಸುಮಾರು ಒಂಬತ್ತು ಗಂಟೆಯಲ್ಲಿ ತುಂಬುತ್ತದೆ. ಆ ಒಂಬತ್ತು ಗಂಟೆ ಯಾರೂ ಕಾಯುವುದಿಲ್ಲ. ಮನೆಯವರು ಮಲಗಿರುತ್ತಾರೆ. ಮನೆ ಬಳಕೆಯ ಕರೆಂಟು ಯೂನಿಟ್ಟಿಗೆ 6 ರೂಪಾಯಿ ಎಂದರೆ 17 ಯೂನಿಟ್ಟಿಗೆ 102 ರೂಪಾಯಿ. ಹೊರಗಿನ ಫಾಸ್ಟ್ ಚಾರ್ಜರ್‌ನಲ್ಲಿ ಯೂನಿಟ್ಟಿಗೆ 20 ರೂಪಾಯಿ ಎಂದಿಟ್ಟುಕೊಂಡರೂ ತೆರಿಗೆ ಸೇರಿ 400 ದಾಟುತ್ತದೆ. ಗೇಟು, ಪೋರ್ಟಿಕೊ, ಸ್ವಂತ ಮೀಟರು ಇದ್ದವರಿಗೆ ನಿಧಾನವೂ ಉಂಟು, ಅಗ್ಗವೂ ಉಂಟು. ಫಾಸ್ಟ್ ಚಾರ್ಜರ್ ಅವರಿಗೆ ಊರಿಗೆ ಹೋಗುವಾಗ ಒಮ್ಮೊಮ್ಮೆ ಬೇಕಾಗುವ ಅನುಕೂಲ. ರಸ್ತೆ ಬದಿಯಲ್ಲಿ ಗಾಡಿ ನಿಲ್ಲಿಸುವ ಬಾಡಿಗೆದಾರರಿಗೆ, ವಠಾರದಲ್ಲಿರುವ ಟ್ಯಾಕ್ಸಿ ಚಾಲಕರಿಗೆ ಅದು ದಿನನಿತ್ಯದ ರೇಷನ್ ಅಂಗಡಿ. ಒಂದು ಗಂಟೆ ಕಾಯುವುದೆಂದರೆ ಚಾಲಕರಿಗೆ ಒಂದು ಬಾಡಿಗೆ ಕೈತಪ್ಪಿದಂತೆ.

ತೆರಿಗೆಯೂ ಈ ಭೇದಕ್ಕೆ ಒತ್ತು ಕೊಡುತ್ತದೆ. ಎಲೆಕ್ಟ್ರಿಕ್ ಕಾರು ಕೊಂಡರೆ ಜಿಎಸ್‌ಟಿ ಶೇ 5. ಮನೆಯಲ್ಲಿ ಉರಿಸುವ ಕರೆಂಟಿಗೆ ಜಿಎಸ್‌ಟಿ ಇಲ್ಲ. ಆದರೆ ಸಾರ್ವಜನಿಕ ಕೇಂದ್ರದಲ್ಲಿ ಬ್ಯಾಟರಿ ತುಂಬಿಸುವುದು ವಿದ್ಯುತ್ ಮಾರಾಟವಲ್ಲ, ಸೇವೆ, ಆದ್ದರಿಂದ ಶೇ 18 ಎಂದು ಕರ್ನಾಟಕದ ಮುಂಗಡ ತೀರ್ಪು ಪ್ರಾಧಿಕಾರ 2023ರಲ್ಲಿ ಹೇಳಿತು. ಪ್ರಶ್ನೆ ಕೇಳಿದ್ದು ಮೈಸೂರಿನ ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮ. ಕಾನೂನಿನ ತರ್ಕ ಅರ್ಥವಾಗುವಂಥದ್ದೇ. ಫಲ ಮಾತ್ರ ಹೀಗಿದೆ: ಒಂದೇ ತಂತಿಯಲ್ಲಿ ಹರಿದ ಒಂದೇ ಕರೆಂಟು, ಸ್ವಂತ ಗೋಡೆಯಿಂದ ಬಂದರೆ ಜಿಎಸ್‌ಟಿಯಿಲ್ಲ, ಗೋಡೆಯಿಲ್ಲದವರಿಗೆ ಬಂದರೆ ಉಂಟು.

ಇದಕ್ಕೊಂದು ಬಲವಾದ ಆಕ್ಷೇಪವಿದೆ. ಫಾಸ್ಟ್ ಚಾರ್ಜರ್ ಹಾಕಲು ಟ್ರಾನ್ಸ್‌ಫಾರ್ಮರ್ ಬೇಕು, ಜಾಗ ಬೇಕು. ಗಾಡಿ ಬರಲಿ ಬಿಡಲಿ, ಮಂಜೂರಾದ ಲೋಡಿಗೆ ನಿಗದಿತ ಶುಲ್ಕ ಕಟ್ಟಬೇಕಾಗುತ್ತದೆ. ಹಾಗಾಗಿ ದರ ಹೆಚ್ಚಿರುವುದು ಸಹಜ. ಸರ್ಕಾರ ಸಹಾಯಧನ ಕೊಟ್ಟು ಇಳಿಸಲಿ ಎಂದರೆ, ಬಿಎಂಟಿಸಿ ಬಸ್ಸಿನಲ್ಲಿ ನೇತಾಡಿಕೊಂಡು ಹೋಗುವವರ ತೆರಿಗೆಯಿಂದ ಕಾರಿನವರಿಗೆ ಯಾಕೆ ಕೊಡಬೇಕು? ಎಷ್ಟೇ ಅಗ್ಗವೆಂದರೂ ಎಂಟು ಲಕ್ಷದ ಕಾರು ಈ ದೇಶದಲ್ಲಿ ಬಡವರ ಸೊತ್ತಲ್ಲ.

ಈ ಆಕ್ಷೇಪವನ್ನು ನಾನು ಒಪ್ಪುತ್ತೇನೆ. ವೇಗವನ್ನು ಅಗ್ಗ ಮಾಡುವುದು ನ್ಯಾಯದ ಬೇಡಿಕೆಯಲ್ಲ. ಆದರೆ ಆಕ್ಷೇಪದೊಳಗೆ ಒಂದು ಊಹೆ ಅಡಗಿದೆ: ವೇಗ ಕೊಂಡವರು ಬೇಕೆಂದೇ ಕೊಂಡಿದ್ದಾರೆ ಎಂಬುದು. ಚಿಂತಕ ಮೈಕೆಲ್ ಸ್ಯಾಂಡೆಲ್ ಮಾರುಕಟ್ಟೆಯ ನೈತಿಕ ಮಿತಿಗಳನ್ನು ಚರ್ಚಿಸುವಾಗ ಒತ್ತಿಹೇಳುವ ಅಂಶ ಇದೇ. ಇಷ್ಟಪಟ್ಟು ಮಾಡಿದಂತೆ ಕಾಣುವ ಕೊಳ್ಳುವಿಕೆಯ ಹಿಂದೆ ಅನಿವಾರ್ಯತೆ ಇದ್ದರೆ ಅದನ್ನು ಮುಕ್ತ ಆಯ್ಕೆ ಎನ್ನಲಾಗದು. ಸ್ಪೀಡ್ ಪೋಸ್ಟ್ ಬೇಡದವರಿಗೆ ಸಾಮಾನ್ಯ ಅಂಚೆ ಇದೆ. ಸೂಪರ್‌ಫಾಸ್ಟ್ ಬೇಡದವರಿಗೆ ಪ್ಯಾಸೆಂಜರ್ ಇದೆ. ವೇಗದ ಬೆಲೆ ನ್ಯಾಯವೆನಿಸುವುದು ಪಕ್ಕದಲ್ಲೇ ಅಗ್ಗದ ನಿಧಾನ ಸಿಗುವಾಗ. ಚಾರ್ಜಿಂಗ್‌ನಲ್ಲಿ ಆ ನಿಧಾನ ಮನೆಯುಳ್ಳವರ ಕಾಂಪೌಂಡಿನೊಳಗೆ ಉಳಿದಿದೆ. ಹೊರಗಿರುವವರು ಅವಸರವಿಲ್ಲದಿದ್ದರೂ ಅವಸರದ ಬೆಲೆ ತೆರುತ್ತಾರೆ, ಅದೂ ವೇಗವನ್ನು ಪೂರ್ತಿ ಬಳಸಲಾಗದ ಕಾರಿಟ್ಟುಕೊಂಡು.

ಹಾಗಾದರೆ ಕೇಳಬೇಕಾದ್ದು ಬಡವರಿಗೂ ವೇಗ ಕೊಡಿ ಎಂದಲ್ಲ, ಎಲ್ಲರಿಗೂ ನಿಧಾನ ಕೊಡಿ ಎಂದು. ಇದಕ್ಕೆ ಭಾರೀ ಬಂಡವಾಳ ಬೇಕಿಲ್ಲ. ರಾತ್ರಿ ಗಾಡಿ ನಿಲ್ಲುವ ಕಡೆ ಒಂದು ಪ್ಲಗ್ಗು, ಒಂದು ಉಪಮೀಟರು, ಬಳಸಿದವರೇ ಬಿಲ್ಲು ಕಟ್ಟುವ ಏರ್ಪಾಡು ಸಾಕು. ಅದು ಸ್ಕೂಟರಿಗೂ ಆಟೋಗೂ ಒದಗುತ್ತದೆ. ಬಸ್ಸಿನವರ ತೆರಿಗೆಗೂ ಕೈ ಹಾಕಬೇಕಾಗುವುದಿಲ್ಲ. ಹೊಸ ಕಟ್ಟಡಗಳ ಪಾರ್ಕಿಂಗ್‌ನಲ್ಲಿ ಶೇ 20ರಷ್ಟು ಜಾಗಕ್ಕೆ ಚಾರ್ಜಿಂಗ್ ಸೌಲಭ್ಯ ಇರಲಿ ಎಂದು ಕೇಂದ್ರದ ಮಾದರಿ ಕಟ್ಟಡ ನಿಯಮಗಳಿಗೆ 2019ರಲ್ಲೇ ತಿದ್ದುಪಡಿ ಬಂತು. ಹಳೆಯ ಕಟ್ಟಡಗಳ ಕಥೆ ಬೇರೆ. ಅಲ್ಲಿ ಪ್ಲಗ್ಗಿನ ಪ್ರಶ್ನೆ ಬಗೆಹರಿಯಬೇಕಾದ್ದು ಸಂಘದ ಸಭೆಯಲ್ಲಿ. ಬೆಂಕಿಯ ಭಯ, ಬಿಲ್ಲಿನ ಜಗಳ ಅಲ್ಲಿ ಮುಂದೆ ಬರುತ್ತವೆ. ಎರಡಕ್ಕೂ ಪರಿಹಾರವಿದೆ. ಆದರೆ ಆ ಸಭೆಯಲ್ಲಿ ಕೂರುವವರು ಮಾಲೀಕರು, ಪ್ಲಗ್ಗು ಬೇಕಾಗಿರುವವರು ಬಾಡಿಗೆದಾರರು.

ನಮ್ಮ ರಾಜ್ಯ 2017ರಲ್ಲೇ, ದೇಶದಲ್ಲಿ ಮೊದಲಿಗೆ, ವಿದ್ಯುತ್ ವಾಹನ ನೀತಿ ತಂದಿತು. ನೀತಿ ಎಂಬ ಪದಕ್ಕೆ ಕನ್ನಡದಲ್ಲಿ ಎರಡು ಅರ್ಥ, ಸರ್ಕಾರದ ಧೋರಣೆ ಎಂಬುದೊಂದು, ನಡೆಯ ನ್ಯಾಯ ಎಂಬುದಿನ್ನೊಂದು. ಹೆದ್ದಾರಿಯಲ್ಲಿ ಎಷ್ಟು ಕಿಲೋವ್ಯಾಟಿನ ಚಾರ್ಜರ್ ಬಂತು ಎಂದು ಎಣಿಸುವುದು ಮೊದಲನೆಯ ಅರ್ಥಕ್ಕೆ ಸಾಲಬಹುದು. ಎರಡನೆಯ ಅರ್ಥಕ್ಕೆ, ರಸ್ತೆ ಬದಿಯಲ್ಲಿ ಗಾಡಿ ನಿಲ್ಲಿಸಿ ಮಲಗಲು ಹೋದವರ ಗಾಡಿ ಬೆಳಗಾಗುವಷ್ಟರಲ್ಲಿ ತುಂಬಿತೇ ಎಂದು ಕೇಳಬೇಕಾಗುತ್ತದೆ.